49 ರೂಪಾಯಿಯ ಚಟ

ಹೋದ ಜನವರಿಯಲ್ಲಿ ಸುಮ್ನೆ ಕೂತು ಲೆಕ್ಕ ಹಾಕಿದೆ. ಅದರ ಹಿಂದಿನ ವರ್ಷ ಕೊಂಡ ಇ-ಬುಕ್ 61, ಓದಿ ಮುಗಿಸಿದ್ದು 9. ಕಾಗದದ ಪುಸ್ತಕ 14, ಮುಗಿಸಿದ್ದು 11. ಎದೆ ಧಸಕ್ ಎಂದಿತು.

ತಪ್ಪು ಎಲ್ಲಿ ಅಂತ ಹುಡುಕಬೇಕಾಗಿರಲಿಲ್ಲ. ಇ-ಬುಕ್ ರಿಯಾಯಿತಿಯಲ್ಲಿ 49 ರೂಪಾಯಿ ಅಂತ ಕಂಡರೆ ನನ್ನ ಕೈ ನಿಲ್ಲುವುದಿಲ್ಲ. ಮಸಾಲೆ ದೋಸೆಗಿಂತ ಕಡಿಮೆ ಅಲ್ವಾ ಅಂದುಕೊಂಡು ರಾತ್ರಿ ಹನ್ನೊಂದಕ್ಕೆ ಹಾಸಿಗೆಯಲ್ಲೇ ಒತ್ತಿಬಿಡುತ್ತೇನೆ. ಅಂಗಡಿಯಲ್ಲಾದರೆ ಪುಸ್ತಕ ಕೈಗೆತ್ತಿಕೊಂಡು, ತಿರುಗಿಸಿ ಬೆಲೆ ನೋಡಿ, ನಡುವಿನ ಒಂದು ಪುಟ ಓದಿ, ಮನೆಯಲ್ಲಿ ಇಡೋಕೆ ಜಾಗ ಎಲ್ಲಿ, ಹೆಂಡತಿ ಏನಂತಾಳೆ ಅಂತೆಲ್ಲ ಯೋಚಿಸಿ ಕೊನೆಗೆ ಅರ್ಧದಷ್ಟು ವಾಪಸ್ ಇಡುತ್ತೇನೆ.

ಹಾಗಂತ ಇ-ಬುಕ್ ಬಿಡೋಕೂ ಆಗುವುದಿಲ್ಲ. ಬನಶಂಕರಿಯಲ್ಲಿ ಹಸಿರು ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ನೇರಳೆಗೆ ಬದಲಾಯಿಸಿ ವೈಟ್‌ಫೀಲ್ಡ್ ಕಡೆ ಹೋಗುವವನು ನಾನು. ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಇ-ಬುಕ್ ಓದುವ ಕಿಂಡಲ್. 600 ಪುಟದ ಪುಸ್ತಕವನ್ನು ಹಾಗೆ ಹಿಡಿದು ನೋಡಿ! ಚಾಳೀಸು ಬೇರೆ ಬಂದಿದೆ, ಅಕ್ಷರ ದೊಡ್ಡದು ಮಾಡಿಕೊಂಡರೆ ಕನ್ನಡಕ ಹುಡುಕುವ ಕೆಲಸವಿಲ್ಲ.

ಆಮೇಲೆ ಒಂದೇ ನಿಯಮ ಮಾಡಿಕೊಂಡೆ. ಬೆಲೆ ಎಷ್ಟೇ ಇರಲಿ, ಮೊದಲು ಪುಕ್ಕಟೆ ಸ್ಯಾಂಪಲ್, ಅಂದರೆ ಪುಸ್ತಕದ ಮೊದಲ ಕೆಲವು ಪುಟ. ಅದು ಮುಗಿದ ಜಾಗದಲ್ಲಿ ಮುಂದೇನಾಯ್ತು ಅನ್ನಿಸಿದರೆ ಮಾತ್ರ ದುಡ್ಡು. ಅಷ್ಟರಲ್ಲಿ ರಿಯಾಯಿತಿ ಮುಗಿದರೆ ಮುಗಿಯಲಿ. ಮುಗಿದಾಗ ಬೇಜಾರಾಗದ ಪುಸ್ತಕಗಳೇ ಜಾಸ್ತಿ ಅನ್ನುವುದು ಆಗ ಗೊತ್ತಾಯಿತು.

ಹೊಸ ಇಂಗ್ಲಿಷ್ ಪುಸ್ತಕಗಳ ಕಥೆ ಉಲ್ಟಾ. ಕೆಲವು ಸಲ ಇ-ಬುಕ್ಕೇ ಪೇಪರ್‌ಬ್ಯಾಕ್‌ಗಿಂತ ದುಬಾರಿ. ತೆರಿಗೆಯೂ ಹಾಗೇ ಇದೆ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಅದರದ್ದೇ ಇ-ಬುಕ್‌ಗೆ 2018ರಿಂದ ಶೇ. 5. ಅದಕ್ಕೂ ಮೊದಲು ಶೇ. 18 ಇತ್ತು. ಅಂಥ ಪುಸ್ತಕ ಕಾಗದದಲ್ಲೇ ಕೊಳ್ಳುತ್ತೇನೆ. ಓದಿ ತಂಗಿಗೆ ಕೊಡಬಹುದು, ಚರ್ಚ್ ಸ್ಟ್ರೀಟ್‌ನ ಹಳೆ ಪುಸ್ತಕದ ಅಂಗಡಿಗೆ ಹಾಕಿದರೆ ಅಷ್ಟೋ ಇಷ್ಟೋ ಬರುತ್ತದೆ.

ಕನ್ನಡಕ್ಕೆ ಈ ಲೆಕ್ಕ ಯಾವುದೂ ನಡೆಯುವುದಿಲ್ಲ. 2016ರಲ್ಲಿ ಕಿಂಡಲ್‌ಗೆ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಬಂದವು, ಕನ್ನಡ ಆ ಪಟ್ಟಿಯಲ್ಲಿ ಇರಲಿಲ್ಲ. ಮೈಲ್ಯಾಂಗ್, ಗೂಗಲ್ ಪ್ಲೇ ಬುಕ್ಸ್ ಆ್ಯಪ್‌ಗಳಲ್ಲಿ ಕನ್ನಡ ಇ-ಬುಕ್ ಸಿಗುತ್ತವೆ, ಬೆಲೆಯೂ ಕಡಿಮೆಯೇ. ಆದರೆ ಫೋನಿನಲ್ಲಿ ಎರಡು ಪುಟ ಓದುವಷ್ಟರಲ್ಲಿ ಅಪಾರ್ಟ್‌ಮೆಂಟ್ ವಾಟ್ಸಾಪ್ ಗುಂಪಿನಲ್ಲಿ ನೀರಿನ ಟ್ಯಾಂಕರ್ ಜಗಳ ಶುರುವಾಗಿರುತ್ತದೆ. ಹಾಗಾಗಿ ಕನ್ನಡ ಅಂದರೆ ನನಗೆ ಗಾಂಧಿ ಬಜಾರಿನ ಅಂಕಿತ ಪುಸ್ತಕದಂಗಡಿಯೇ. ದಪ್ಪ ಸಂಪುಟಗಳನ್ನು ಮಾತ್ರ ನವೆಂಬರ್‌ಗೆ ಅಂತ ತಡೆದಿಟ್ಟುಕೊಳ್ಳುತ್ತೇನೆ, ರಾಜ್ಯೋತ್ಸವದ ರಿಯಾಯಿತಿ ಇರುತ್ತದಲ್ಲ.

ಈ ವರ್ಷ ಇಲ್ಲಿವರೆಗೆ ಕೊಂಡ ಇ-ಬುಕ್ 12, ಮುಗಿಸಿದ್ದು 10. ಓದದ ಸ್ಯಾಂಪಲ್ 34 ಬಿದ್ದಿವೆ. ಅವಕ್ಕೇನು, ಕಾಸು ಕೊಟ್ಟಿಲ್ಲ.