ಬ್ರೂಗೆಯಲ್ಲಿ ಸೈಕಲ್ ಬಾಡಿಗೆಗೆ ತಗೊಳ್ಳುವ ಮುಂಚೆ ಗಾಳಿ ನೋಡಿ

ಬೆಲ್ಜಿಯಂಗೆ ಬಂದವರು ಬ್ರೂಗೆ ಊರೊಳಗೇ ಸುತ್ತಿ ವಾಪಸ್ ಹೋಗ್ತಾರೆ. ಅರ್ಧ ದಿನ ಇದ್ದರೆ ಸೈಕಲ್ ತಗೊಂಡು ಡಾಮ್ಮೆ ಕಾಲುವೆ ಹಿಡಿಯಿರಿ. ನೆಪೋಲಿಯನ್ ಕಾಲದಲ್ಲಿ ಅಗೆದದ್ದು. ನೇರ ಗೆರೆ, ಎರಡೂ ಕಡೆ ಪಾಪ್ಲರ್ ಮರಗಳ ಸಾಲು. ಡಾಮ್ಮೆ ಊರು ಸುಮಾರು 6-7 ಕಿ.ಮೀ., ಹಾಗೇ ಮುಂದೆ ಹೋದರೆ ಗಡಿ ದಾಟಿ ನೆದರ್‌ಲ್ಯಾಂಡ್ಸ್‌ನ ಸ್ಲೌಸ್. ಏರು ಅಂತ ಒಂದೂ ಇಲ್ಲ.

ಆದರೆ ಗಾಳಿ ಇದೆ! ಅಲ್ಲಿ ಜಾಸ್ತಿ ಬೀಸೋದು ನೈಋತ್ಯದ ಗಾಳಿ, ಕಾಲುವೆ ಹೋಗೋದು ಈಶಾನ್ಯಕ್ಕೆ, ಹಾಗಾಗಿ ಹೋಗುವಾಗ ಬೆನ್ನಿಗೆ ತಳ್ಳಿಸಿಕೊಂಡು ಆರಾಮಾಗಿ ಹೋಗಿ, ವಾಪಸ್ ಬರುವಾಗ ಏದುಸಿರು ಬಿಡಬೇಕಾಗುತ್ತೆ. ಮಕ್ಕಳಿದ್ದರೆ ಡಾಮ್ಮೆಯಲ್ಲೇ ತಿರುಗಿ, ಸಾಕು.

ದಾರಿಗೆ ಆ್ಯಪ್ ಬೇಕಾಗಿಲ್ಲ. ಪ್ರತಿ ಕೂಡುದಾರಿಗೂ ಒಂದು ನಂಬರ್, ಮುಂದಿನ ನಂಬರ್‌ಗೆ ದಾರಿ ತೋರಿಸುವ ಫಲಕವೂ ಅಲ್ಲೇ ಇರುತ್ತೆ. ಹೋಗಬೇಕಾದ ನಂಬರ್‌ಗಳನ್ನು ಚೀಟಿಯಲ್ಲಿ ಬರೆದು ಹ್ಯಾಂಡಲ್‌ಗೆ ಅಂಟಿಸಿದರೆ ಆಯ್ತು. ಈ ಪದ್ಧತಿ 1995ರಲ್ಲಿ ಬೆಲ್ಜಿಯಂನ ಲಿಂಬರ್ಗ್‌ನಲ್ಲಿ ಶುರುವಾಗಿದ್ದು, ಆಮೇಲೆ ನೆದರ್‌ಲ್ಯಾಂಡ್ಸ್‌ಗೂ ಹೋಯಿತು.

ಡಾಮ್ಮೆ ದಾಟಿದ ಮೇಲೆ ಅಕ್ಕಪಕ್ಕ ಹರಿಯುವ ಎರಡು ಕಾಲುವೆ ಸಿಗುತ್ತವೆ, ಒಂದಕ್ಕೆ 'ಸ್ಟಿಂಕರ್' (ನಾರುವಂಥದ್ದು) ಅಂತ ಅಡ್ಡಹೆಸರು. ಹಿಂದೆ ಅಗಸೆ ನಾರು ಕೊಳೆಸಿದ ನೀರು ಅದರಲ್ಲಿ ಬರ್ತಿತ್ತಂತೆ, ನಾರದೇ ಇರುತ್ತಾ!

ಕೆಲವು ಕಡೆ ದಡದ ರಸ್ತೆಯಲ್ಲಿ ಸ್ಥಳೀಯರ ಕಾರು ಬರಬಹುದು, ಬಲಗಡೆಯೇ ಹೋಗಿ. ಫೋಟೋಗೆ ಅಂತ ದಾರಿ ಮಧ್ಯೆ ಸುಮ್ನೆ ನಿಲ್ಲಬೇಡಿ, ಭಾನುವಾರ ರೇಸ್ ಸೈಕಲ್‌ನವರು ಗುಂಪಾಗಿ ಜೋರಾಗಿ ಬರ್ತಾರೆ.