ಹೊಸ ಊರಿನ ವಾರಾಂತ್ಯ: ಸೇವೆಗೆ ಒಂದೇ ಬಾಗಿಲು, ಊಟಕ್ಕೆ ಹಲವು

ಕೆಲಸದ ಮೇಲೆ ಹೊಸ ಊರಿಗೆ ಹೋದವರು ಮೊದಲ ತಿಂಗಳಲ್ಲೇ ಎರಡು ನಿರ್ಧಾರ ಮಾಡಿರುತ್ತಾರೆ. ಒಂದು, ಶನಿವಾರ ಮನೆಯಲ್ಲಿ ಗೋಡೆ ನೋಡುತ್ತ ಕೂರುವ ಬದಲು ಎಲ್ಲಾದರೂ ಸ್ವಯಂಸೇವೆಗೆ ಹೋಗಬೇಕು. ಎರಡು, ಊರಿನ ಒಳ್ಳೆಯ ಹೋಟೆಲ್‌ಗಳಲ್ಲೆಲ್ಲ ಒಂದೊಂದು ಸಲ ಉಂಡು ನೋಡಬೇಕು. ಮೂರು ತಿಂಗಳ ನಂತರ ವಿಚಾರಿಸಿ ನೋಡಿ. ಐದು ಸಂಸ್ಥೆಗಳಿಗೆ ಒಂದೊಂದು ಸಲ ಹೋಗಿ ಬಂದಿರುತ್ತಾರೆ, ಊಟಕ್ಕೆ ಮಾತ್ರ ಕಚೇರಿಯ ಪಕ್ಕದ ಒಂದೇ ಹೋಟೆಲಿಗೆ ಐವತ್ತು ಸಲ ಹೋಗಿರುತ್ತಾರೆ. ಆಗಬೇಕಾದದ್ದು ಇದಕ್ಕೆ ತಿರುಗುಮುರುಗು. ನಾನು ಮೂರು ಊರು ಬದಲಿಸಿದವನು. ಮೊದಲನೆಯದರಲ್ಲಿ ಈ ತಪ್ಪನ್ನು ಚಾಚೂ ತಪ್ಪದೆ ಮಾಡಿದೆ. ಆಮೇಲೆ ಎಷ್ಟೋ ಸಹೋದ್ಯೋಗಿಗಳು ಇದನ್ನೇ ಮಾಡುವುದನ್ನು ನೋಡಿ ಹಲ್ಲು ಕಚ್ಚಿಕೊಂಡಿದ್ದೇನೆ.

ಹಂತ 1: ಸುಮ್ಮನಿರಿ

ಮೊದಲ ಎರಡು ವಾರಾಂತ್ಯ ಏನೂ ಮಾಡಬೇಡಿ. ಪೆಟ್ಟಿಗೆಗಳನ್ನು ಬಿಚ್ಚಿ, ಬಸ್ಸಿನ ದಾರಿಗಳನ್ನು ಗುರುತು ಮಾಡಿಕೊಳ್ಳಿ, ನಿದ್ದೆ ಮಾಡಿ.

ಹಂತ 2: ಒಂದು ಕೆಲಸ ಆರಿಸಿಕೊಳ್ಳಿ

ಎಲ್ಲರೂ "ನನ್ನ ಮನಸ್ಸಿಗೆ ಹತ್ತಿರವಾದ ವಿಷಯ ಯಾವುದು" ಎಂಬಲ್ಲಿಂದ ಶುರುಮಾಡುತ್ತಾರೆ. ನಾನು ಮನೆಗೆ ಹತ್ತಿರವಾದ ಜಾಗ ಯಾವುದು ಎಂಬಲ್ಲಿಂದ ಶುರುಮಾಡಿ ಎನ್ನುತ್ತೇನೆ. ಅರ್ಧ ಗಂಟೆಗಿಂತ ದೂರದ ಜಾಗ ಎಷ್ಟೇ ಉದಾತ್ತವಾಗಿದ್ದರೂ ಐದನೇ ವಾರ ಮಳೆಯೋ ನಿದ್ದೆಯೋ ಗೆಲ್ಲುತ್ತದೆ.

ಎರಡನೆಯದು, ವಾರವಿಡೀ ಮಾಡುವ ಕೆಲಸಕ್ಕೆ ವಿರುದ್ಧವಾದದ್ದನ್ನು ಹುಡುಕಿ. ಕುರ್ಚಿಯಲ್ಲಿ ಕೂತು ದುಡಿಯುವವರು ಗಿಡ ನೆಡುವುದಕ್ಕೋ ಪ್ರಾಣಿಗಳ ಆಶ್ರಯತಾಣ ತೊಳೆಯುವುದಕ್ಕೋ ಹೋಗಲಿ. ದಿನವಿಡೀ ಜನರೊಂದಿಗೆ ಮಾತನಾಡಿ ಸಾಕಾದವರು ಗ್ರಂಥಾಲಯದಲ್ಲಿ ಪುಸ್ತಕಗಳಿಗೆ ಅಂಕಿ ಬರೆಯಲಿ. ಲೆಕ್ಕ ಬರೆಯುವ ವೃತ್ತಿಯವರು ಶನಿವಾರವೂ ಸಂಸ್ಥೆಯ ಲೆಕ್ಕ ಬರೆಯಲು ಒಪ್ಪಿಕೊಂಡರೆ ಎರಡು ತಿಂಗಳಲ್ಲಿ ಭಾನುವಾರವನ್ನೂ ದ್ವೇಷಿಸತೊಡಗುತ್ತಾರೆ. ಊರಿನ ಭಾಷೆ ಇನ್ನೂ ಬಾರದಿದ್ದರೆ ಬಟ್ಟೆ ವಿಂಗಡಿಸುವುದು, ಪೊಟ್ಟಣ ಕಟ್ಟುವುದು, ಪಾತ್ರೆ ತೊಳೆಯುವುದು ಇಂಥವನ್ನು ಆರಿಸಿಕೊಳ್ಳಿ. ಕೈ ಕೆಲಸದಲ್ಲಿದ್ದಾಗ ಕಿವಿ ಭಾಷೆಯನ್ನು ತಾನಾಗಿ ಹಿಡಿಯುತ್ತದೆ.

ಎರಡು ಕಡೆ ಮಾತ್ರ ಕಾಲಿಡಬೇಡಿ. ಸೇವೆ ಮಾಡಲು ಬಂದವರಿಂದಲೇ ನೋಂದಣಿ, ಟೀ ಶರ್ಟು, ಪ್ರಮಾಣಪತ್ರ ಎಂದು ದುಡ್ಡು ಕೀಳುವ ಕಡೆ. ಹಾಗೆಯೇ, ನೀವು ಯಾರು ಎತ್ತ ಎಂದು ವಿಚಾರಿಸದೆ ಮೊದಲ ದಿನವೇ ಮಕ್ಕಳ ನಡುವೆ ಬಿಟ್ಟುಬಿಡುವ ಕಡೆ. ನಿಮ್ಮನ್ನು ಪರೀಕ್ಷಿಸದವರು ಬೇರೆ ಯಾರನ್ನೂ ಪರೀಕ್ಷಿಸಿರುವುದಿಲ್ಲ. ಆರು ತಿಂಗಳೂ ಆ ಊರಿನಲ್ಲಿ ಇರುವ ಖಾತ್ರಿ ಇಲ್ಲದವರು ಮಕ್ಕಳ ಕೆಲಸಕ್ಕೆ ಹೋಗಲೇಬಾರದು. ಮಕ್ಕಳು ಹಚ್ಚಿಕೊಳ್ಳುತ್ತಾರೆ, ನೀವು ವರ್ಗವಾಗಿ ಹೋಗುತ್ತೀರಿ.

ಇನ್ನು ಡಿಸೆಂಬರ್ 5. ವಿಶ್ವಸಂಸ್ಥೆ 1985ರಲ್ಲಿ ಅದನ್ನು ಅಂತರರಾಷ್ಟ್ರೀಯ ಸ್ವಯಂಸೇವಕರ ದಿನವೆಂದು ಗೊತ್ತುಮಾಡಿತು. ಆ ದಿನ ಹತ್ತು ಜನರ ಕೆಲಸಕ್ಕೆ ನಲವತ್ತು ಜನ, ಅವರಿಗೆ ನಲವತ್ತು ಮೊಬೈಲ್. ನೀವು ಡಿಸೆಂಬರ್ 12ಕ್ಕೆ ಹೋಗಿ.

ಹಂತ 3: ಮೊದಲ ಪತ್ರ, ಮೊದಲ ದಿನ, ಎರಡನೇ ದಿನ

ಜನ ಎಡವುವುದೆಲ್ಲ ಇಲ್ಲೇ. ಆದ್ದರಿಂದ ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

"ನಾನು ಯಾವ ರೀತಿಯ ಸಹಾಯಕ್ಕೂ ಸಿದ್ಧ" ಎಂದು ಬರೆದ ಪತ್ರಗಳಿಗೆ ಉತ್ತರ ಬರುವುದಿಲ್ಲ. ಬರೆದವರು ಸಂಸ್ಥೆಯ ಮೇಲೆ ಸಿಟ್ಟಾಗುತ್ತಾರೆ. ಸಂಯೋಜಕರ ಜಾಗದಲ್ಲಿ ನಿಂತು ಯೋಚಿಸಿ. ಯಾವ ಸಹಾಯಕ್ಕೂ ಸಿದ್ಧರಿರುವವರಿಗೆ ಕೆಲಸ ಹುಡುಕಿಕೊಡುವುದೇ ಅವರಿಗೆ ಇನ್ನೊಂದು ಕೆಲಸ. ನಾಲ್ಕು ಸಾಲು ಸಾಕು: ಯಾವ ದಿನ, ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ ಬರಬಲ್ಲಿರಿ, ಎಷ್ಟು ತಿಂಗಳು ಬರಬಲ್ಲಿರಿ, ಯಾವ ಭಾಷೆ ಬರುತ್ತದೆ, ಏನು ಮಾಡಲಾಗುವುದಿಲ್ಲ. ಈ ಕೊನೆಯದನ್ನು ಯಾರೂ ಬರೆಯುವುದಿಲ್ಲ. ಬೆನ್ನುನೋವಿದ್ದರೆ ಭಾರ ಎತ್ತಲಾರೆ ಎನ್ನಿ, ನಾಯಿಯ ಭಯವಿದ್ದರೆ ಅದನ್ನೂ ಹೇಳಿ. ನಾನು ಒಮ್ಮೆ ಸಂಕೋಚಪಟ್ಟು ಬೆನ್ನಿನ ವಿಷಯ ಮುಚ್ಚಿಟ್ಟು, ಮೊದಲ ದಿನವೇ ಮೂಟೆ ಹೊತ್ತು, ಮುಂದಿನ ಎರಡು ಶನಿವಾರ ಹಾಸಿಗೆಯಲ್ಲಿ ಕಳೆದೆ. ವಾರವಾದರೂ ಉತ್ತರ ಬರದಿದ್ದರೆ ನೇರವಾಗಿ ಹೋಗಿ, ಹತ್ತು ನಿಮಿಷ ಮಾತನಾಡಿ ಬನ್ನಿ.

ಮೊದಲ ದಿನಕ್ಕೆ ಮುಚ್ಚಿದ ಬೂಟು, ಕೊಳೆಯಾದರೆ ಬೇಸರವಾಗದ ಬಟ್ಟೆ, ನೀರಿನ ಬಾಟಲಿ. ಕಸ ಎತ್ತುವ ಕೆಲಸವಾದರೆ ಕೈಗವಸು ನೀವೇ ಒಯ್ಯಿರಿ. ಅಲ್ಲಿ ಹಂಚುವ ತೆಳು ಪ್ಲಾಸ್ಟಿಕ್ ಗವಸು ಮೊದಲ ಗಾಜಿನ ಚೂರಿಗೇ ಹರಿಯುತ್ತದೆ, ಒಳಗೆ ಬೆವರು ಮಾತ್ರ ಧಾರಾಳ. ಅಂಗೈಗೆ ರಬ್ಬರು ಬಳಿದ ತೋಟಗಾರಿಕೆಯ ಗವಸು ಕೊಂಡುಬಿಡಿ, ವರ್ಷಗಟ್ಟಲೆ ಬರುತ್ತದೆ.

ಅಲ್ಲಿ ಏನು ಮಾಡಬೇಕು ಎನ್ನುವುದಕ್ಕಿಂತ ಏನು ಮಾಡಬಾರದು ಎನ್ನುವುದೇ ಮುಖ್ಯ. ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತೆತ್ತಿ ಒಗೆದನಂತೆ. ಮೊದಲ ದಿನವೇ ಸಂಜೆಯವರೆಗೆ ನಿಂತು, ಎಲ್ಲರ ಕೆಲಸವನ್ನೂ ಕಿತ್ತುಕೊಂಡು ಮಾಡಿ, ಮುಂದಿನ ವಾರದ ನಾಲ್ಕು ಜವಾಬ್ದಾರಿ ಹೊತ್ತು ಬರುವವರನ್ನು ಹಳಬರು ಮುಗುಳ್ನಕ್ಕು ಬೀಳ್ಕೊಡುತ್ತಾರೆ. ಅವರು ಮತ್ತೆ ಬರುವುದಿಲ್ಲ ಎಂದು ಹಳಬರಿಗೆ ಗೊತ್ತು. ಹೇಳಿದ ಸಮಯಕ್ಕೆ ಸರಿಯಾಗಿ ಹೋಗಿ, ಹೇಳಿದ ಸಮಯಕ್ಕೇ ಹೊರಡಿ. ಕೊಟ್ಟ ಕೆಲಸ ಎಷ್ಟೇ ಸಣ್ಣದಿದ್ದರೂ ಮಾಡಿ. ಸಲಹೆ ಕೊಡಬೇಡಿ. ನಾನು ಒಂದು ಗ್ರಂಥಾಲಯದಲ್ಲಿ ಮೊದಲ ದಿನವೇ, ಕಪಾಟುಗಳನ್ನು ಹೀಗೆ ಜೋಡಿಸಿದರೆ ಅನುಕೂಲ ಎಂದು ಚಿತ್ರ ಬರೆದು ತೋರಿಸಿದೆ. ಅಲ್ಲಿದ್ದ ಹಿರಿಯರೊಬ್ಬರು ತಾಳ್ಮೆಯಿಂದ, "ಹಾಗೆಯೇ ಇತ್ತು, ಗಾಲಿಕುರ್ಚಿ ತಿರುಗುತ್ತಿರಲಿಲ್ಲ, ಅದಕ್ಕೇ ಬದಲಿಸಿದೆವು" ಎಂದರು. ಆರು ವಾರ ಕಳೆಯುವವರೆಗೆ ನಿಮ್ಮ ಒಳ್ಳೆಯ ಯೋಚನೆಗಳು ನಿಮ್ಮ ಜೇಬಿನಲ್ಲೇ ಇರಲಿ. ಸಹಾಯ ಪಡೆಯುತ್ತಿರುವವರ ಫೋಟೊ ತೆಗೆಯುವುದಂತೂ ಆರು ವಾರದ ನಂತರವೂ ಬೇಡ.

ಅಡುಗೆ ಹಂಚುವ ಕಡೆ ಹೋದರೆ ವಿಶ್ವ ಆರೋಗ್ಯ ಸಂಸ್ಥೆಯ ಒಂದು ನಿಯಮ ತಲೆಯಲ್ಲಿರಲಿ: ಬೇಯಿಸಿದ ಆಹಾರ ಸಾಮಾನ್ಯ ಕೋಣೆಯ ಬಿಸಿಯಲ್ಲಿ ಎರಡು ಗಂಟೆಗಿಂತ ಹೆಚ್ಚು ಇರಬಾರದು, ಬಿಸಿಯಾದದ್ದು 60 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ, ತಣ್ಣಗಿನದು 5 ಡಿಗ್ರಿಗಿಂತ ಕೆಳಗೆ. ಇದನ್ನು ಒಮ್ಮೆ ಕಲಿತ ಮೇಲೆ ಹೋಟೆಲ್‌ಗಳಲ್ಲಿ ಮಧ್ಯಾಹ್ನ ಮೂರೂವರೆಯ ಬಫೆಯನ್ನು ನೀವು ಬೇರೆಯೇ ಕಣ್ಣಿನಿಂದ ನೋಡುತ್ತೀರಿ.

ಈಗ ಎರಡನೇ ದಿನ. ಮೊದಲ ದಿನದ ಹುಮ್ಮಸ್ಸು ಇಳಿದಿರುತ್ತದೆ, ಪರಿಚಯ ಇನ್ನೂ ಆಗಿರುವುದಿಲ್ಲ, ಹಳಬರು ತಮ್ಮತಮ್ಮಲ್ಲೇ ನಗುತ್ತಿರುತ್ತಾರೆ. "ಈ ಜಾಗ ನನಗೆ ಹೊಂದುವುದಿಲ್ಲ, ಮುಂದಿನ ವಾರ ಬೇರೆ ಕಡೆ ನೋಡೋಣ" ಎನ್ನಿಸುವುದು ಆಗಲೇ. ನೋಡಬೇಡಿ. ಮೂರನೆಯ ಸಲ ನಿಮ್ಮ ಹೆಸರು ಯಾರಿಗೋ ನೆನಪಿರುತ್ತದೆ, ನಾಲ್ಕನೆಯ ಸಲ ಯಾರೋ ನಿಮಗಾಗಿ ಒಂದು ಲೋಟ ಎತ್ತಿಟ್ಟಿರುತ್ತಾರೆ. ಪ್ರತಿ ವಾರ ಬೇರೆ ಸಂಸ್ಥೆ ತೋರಿಸಿ, ಗಂಟೆಗೊಂದು ಪದಕ ಕೊಡುವ ಆ್ಯಪ್‌ಗಳು ಕೆಡಿಸುವುದು ಇದನ್ನೇ. ಅವನ್ನು ಅಳಿಸಿಹಾಕಿ.

ಇದು ಬರೀ ನನ್ನ ಹಟವಲ್ಲ. ಅಮೆರಿಕದ ಕನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಇತ್ತೀಚೆಗೆ ಊರು ಬದಲಿಸಿದವರನ್ನೇ ಕೇಳಿ 2018ರಲ್ಲಿ ಒಂದು ಲೆಕ್ಕ ಕೊಟ್ಟರು. ಪರಿಚಯ ಸಾಧಾರಣ ಗೆಳೆತನವಾಗಲು ಜೊತೆಯಲ್ಲಿ ಸುಮಾರು 50 ಗಂಟೆ ಬೇಕು, ಗಟ್ಟಿ ಗೆಳೆತನಕ್ಕೆ ಸುಮಾರು 90, ಆಪ್ತರಾಗಲು 200ಕ್ಕೂ ಹೆಚ್ಚು. ವಾರಕ್ಕೆ ಮೂರು ಗಂಟೆಯ ಸೇವೆಯಾದರೆ 50 ಗಂಟೆಗೆ ಹದಿನೇಳು ವಾರ. ಐದು ಸಂಸ್ಥೆಗಳಿಗೆ ಹಂಚಿದರೆ ಯಾರ ಹೆಸರೂ ನೆನಪಿನಲ್ಲಿ ಉಳಿಯದು. ಅದೇ ಅಧ್ಯಯನದಲ್ಲಿ ಇನ್ನೊಂದು ಮಾತಿದೆ: ಒಟ್ಟಿಗೆ ದುಡಿದ ಗಂಟೆಗಳಿಗಿಂತ ಕೆಲಸವಿಲ್ಲದೆ ಹರಟಿದ ಗಂಟೆಗಳು ಹೆಚ್ಚು ಲೆಕ್ಕಕ್ಕೆ ಬರುತ್ತವೆ. ಹೋಟೆಲ್ ಒಳಬರುವುದು ಈ ಸಂದಿನಲ್ಲಿ. ಸೇವೆ ಮುಗಿದ ಮೇಲೆ ಒಂದೂವರೆ ಗಂಟೆ ಊಟಕ್ಕೆ ಕುಳಿತರೆ ಹದಿನೇಳು ವಾರ ಹನ್ನೆರಡಾಗುತ್ತದೆ.

ಹಂತ 4: ಊಟದ ಜಾಗ ಹುಡುಕುವುದು

ಸೇವೆಯ ಜಾಗವನ್ನು ನಡುವೆ ಇಟ್ಟು ನಡೆದು ಹೋಗುವ ದೂರಕ್ಕೆ ಒಂದು ವೃತ್ತ ಎಳೆಯಿರಿ. ಮೊದಲ ಎರಡು ತಿಂಗಳು ಆ ವೃತ್ತದೊಳಗೆ ಪ್ರತಿ ವಾರ ಹೊಸ ಹೋಟೆಲ್. ಊರಿನ "ಸಾಯುವ ಮುನ್ನ ಹೋಗಲೇಬೇಕಾದ ಹತ್ತು" ಪಟ್ಟಿಗಳಲ್ಲಿ ಇರುವುದು ಚೆನ್ನಾಗಿ ಫೋಟೊ ಬರುವ ಜಾಗಗಳು. ಅಲ್ಲಿ ಸರದಿಯಲ್ಲಿ ನಿಲ್ಲುವವರಲ್ಲಿ ಅರ್ಧ ಜನ ನಿಮ್ಮಂತೆಯೇ ಮೊನ್ನೆ ಬಂದವರು.

ಹಳಬರನ್ನು ಕೇಳಿ, ಆದರೆ ಕೇಳುವ ಬಗೆ ಗೊತ್ತಿರಬೇಕು. "ಇಲ್ಲಿ ಒಳ್ಳೆಯ ಹೋಟೆಲ್ ಯಾವುದು" ಎಂದರೆ ನೆಂಟರಿಗೆ ಹೇಳುವ ಹೆಸರನ್ನೇ ನಿಮಗೂ ಹೇಳುತ್ತಾರೆ. "ಹೋದ ವಾರ ನೀವು ಹೊರಗೆ ಉಂಡದ್ದು ಎಲ್ಲಿ" ಎಂದು ಕೇಳಿ. ಆಗ ನಿಜವಾದ ವಿಳಾಸ ಬರುತ್ತದೆ. ಹೊಸ ಸುದ್ದಿ ಬರುವುದು ಆಪ್ತರಿಗಿಂತ ಅಷ್ಟಕ್ಕಷ್ಟೇ ಪರಿಚಯವಿರುವವರಿಂದ ಎಂದು ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ವಾದಿಸಿದ್ದರು. ಅವರು ನೋಡಿದ್ದು ಕೆಲಸ ಸಿಗುವ ಬಗೆಯನ್ನು. ನನಗೆ ಹೋಟೆಲ್ ಮಾತ್ರವಲ್ಲ, ಬಾಡಿಗೆ ಮನೆ, ಹಲ್ಲಿನ ಡಾಕ್ಟರು, ಬೂಟು ಹೊಲಿಯುವವರು ಎಲ್ಲರೂ ಸಿಕ್ಕಿದ್ದು ಶನಿವಾರದವರಿಂದಲೇ.

ಆ್ಯಪಿನ ನಕ್ಷತ್ರ ನೋಡಲೇಬೇಕೆಂದರೆ, ಹನ್ನೆರಡು ಜನ ಕೊಟ್ಟ 4.8ಕ್ಕಿಂತ ಎರಡು ಸಾವಿರ ಜನ ಕೊಟ್ಟ 4.2 ಮೇಲು. ಹನ್ನೆರಡು ಜನ ಮಾಲೀಕರ ಬಂಧುಗಳೇ ಇರಬಹುದು. ಐದು ನಕ್ಷತ್ರದವರು ಸಂಭ್ರಮದಲ್ಲಿರುತ್ತಾರೆ, ಒಂದು ನಕ್ಷತ್ರದವರು ಸಿಟ್ಟಿನಲ್ಲಿ. ಮೂರು ನಕ್ಷತ್ರದವರು ಮಾತ್ರ ಊಟದ ಬಗ್ಗೆ ಬರೆಯುತ್ತಾರೆ. ಇತ್ತೀಚಿನವನ್ನೇ ಓದಿ, ಏಕೆಂದರೆ ಬಾಣಸಿಗ ಬಿಟ್ಟು ಹೋದರೂ ಹಳೆಯ ನಕ್ಷತ್ರಗಳು ಹಾಗೆಯೇ ಮಿನುಗುತ್ತಿರುತ್ತವೆ.

ಒಬ್ಬರೇ ಹೋಗುವ ದಿನ ಜನ ತುಂಬುವ ಹೊತ್ತಿಗಿಂತ ಮುಕ್ಕಾಲು ಗಂಟೆ ಮೊದಲು ಹೋಗಿ. ಮಾಣಿಗೆ ಮಾತನಾಡಲು ಪುರಸೊತ್ತಿರುತ್ತದೆ, ಒಂಟಿ ಗಿರಾಕಿಯನ್ನು ಮೂಲೆಗೆ ತಳ್ಳುವುದಿಲ್ಲ. "ಯಾವುದು ಚೆನ್ನಾಗಿದೆ" ಎನ್ನಬೇಡಿ, "ಈ ಹೊತ್ತಿಗೆ ಹೆಚ್ಚು ಹೋಗುವುದು ಯಾವುದು" ಎನ್ನಿ. ಹೆಚ್ಚು ಹೋಗುವುದು ಹೊಸದಾಗಿ ಆಗಿರುತ್ತದೆ. ಹನ್ನೆರಡು ಪುಟದ ಮೆನು ಕೊಟ್ಟರೆ ನಾನು ಎದ್ದು ಬರುತ್ತೇನೆ. ಇದು ನನ್ನ ಪೂರ್ವಗ್ರಹ ಎಂದು ಹೆಂಡತಿ ಹೇಳುತ್ತಾಳೆ, ಇರಲಿ. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕು, ಹೋಟೆಲಿಗೆ ಮಾತ್ರ ಒಂದು ಊಟ ಸಾಲದು. ಮೊದಲ ಸಲ ಸಾಧಾರಣವಾಗಿದ್ದರೆ ವಾರದ ನಡುವಿನ ದಿನ ಇನ್ನೊಮ್ಮೆ ಹೋಗಿ. ಶನಿವಾರದ ನೂಕುನುಗ್ಗಲಿನಲ್ಲಿ ಕೈಬಿಟ್ಟ ಅಡುಗೆಮನೆ ಬುಧವಾರ ಬೇರೆಯೇ ಆಗಿರುತ್ತದೆ. ಎರಡನೆಯ ಸಲವೂ ಕೆಟ್ಟರೆ ಹೆಸರು ಹೊಡೆದುಹಾಕಿ.

ಹಂತ 5: ಎರಡನ್ನೂ ಸೇರಿಸುವುದು

ನಾಲ್ಕನೇ ವಾರದ ಹೊತ್ತಿಗೆ, ಕೆಲಸ ಮುಗಿದು ಕೈ ತೊಳೆಯುವಾಗ, "ನಾನು ಪಕ್ಕದ ಬೀದಿಯ ಹೊಸ ಹೋಟೆಲಿಗೆ ಹೋಗುತ್ತಿದ್ದೇನೆ, ಯಾರಾದರೂ ಬರುತ್ತೀರಾ" ಎಂದು ಹೇಳಿ ನೋಡಿ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮತ ಹಾಕಿಸಬೇಡಿ, ಗುರುವಾರ ಶುರುವಾದ ಚರ್ಚೆ ಸೋಮವಾರಕ್ಕೆ ಮುಗಿಯುತ್ತದೆ. ಒಬ್ಬರು ಬಂದರೂ ಸಾಕು. ಯಾರೂ ಬರದಿದ್ದರೆ ಒಬ್ಬರೇ ಹೋಗಿ ಉಂಡು, ಮುಂದಿನ ವಾರ ಹೇಗಿತ್ತೆಂದು ಹೇಳಿ.

ದುಬಾರಿ ಜಾಗ ಆರಿಸಬೇಡಿ. ಸ್ವಯಂಸೇವೆಗೆ ಬರುವವರಲ್ಲಿ ವಿದ್ಯಾರ್ಥಿಗಳಿರುತ್ತಾರೆ, ನಿವೃತ್ತರಿರುತ್ತಾರೆ, ಕೆಲಸ ಹುಡುಕುತ್ತಿರುವವರೂ ಇರುತ್ತಾರೆ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, "ಇವತ್ತು ಮನೆಯಲ್ಲಿ ಕೆಲಸವಿದೆ" ಎಂದು ಹೊರಟುಬಿಡುತ್ತಾರೆ. ಬಿಲ್ಲನ್ನು ಸಮನಾಗಿ ಹಂಚುವುದೂ ಬೇಡ. ನೀರು ಮಾತ್ರ ಕುಡಿದವರು ನಿಮ್ಮ ಎರಡು ತಟ್ಟೆಯ ಪಾಲು ಕೊಡಬೇಕಾಗುತ್ತದೆ. ಕೂತ ತಕ್ಷಣವೇ ಮಾಣಿಗೆ, "ಬಿಲ್ಲು ಬೇರೆ ಬೇರೆ ಕೊಡಿ" ಎಂದು ನೀವೇ ಗಟ್ಟಿಯಾಗಿ ಹೇಳಿಬಿಡಿ.