ಮ್ಯಾಂಕ್ಸ್ ನಾರ್ಟನ್ ಅನ್ನು ತಳ್ಳಿ ಎಬ್ಬಿಸುವ ಬಗೆ

ಮ್ಯಾಂಕ್ಸ್ ನಾರ್ಟನ್‌ಗೆ ಕಿಕ್ಕರ್ ಇಲ್ಲ. ತಳ್ಳಿಯೇ ಎಬ್ಬಿಸಬೇಕು. ಈ ಬ್ರಿಟಿಷ್ ಸಿಂಗಲ್ ಸಿಲಿಂಡರ್ ರೇಸ್ ಬೈಕಿನ ಮೇಲಿನ ನನ್ನ ಮೋಹಕ್ಕೆ ಅರ್ಧ ಕಾರಣ ಅದೇ.

ಮೊದಲು ಎಣ್ಣೆ. ಹರಳೆಣ್ಣೆ ಮೂಲದ ರೇಸಿಂಗ್ ಎಣ್ಣೆಗೆ ಖನಿಜ ತೈಲ ಬೆರೆಸಲೇಬೇಡಿ. ಚಳಿಯಿದ್ದರೆ ಬೆಚ್ಚಗೆ ಮಾಡಿ ಸುರಿಯಿರಿ. ಎಂಜಿನ್ ಬೆಚ್ಚಗಾಗಲು ಬೇಗ ಬಿಸಿಯೇರುವ ‘ಮೆತ್ತನೆಯ’ ಸ್ಪಾರ್ಕ್ ಪ್ಲಗ್, ಓಟಕ್ಕೆ ಬೇರೆ ಪ್ಲಗ್. ಪೆಟ್ರೋಲ್ ತೆರೆದು, ಕಾರ್ಬ್ಯುರೇಟರಿಗೆ ಪೆಟ್ರೋಲ್ ತುಂಬಿಕೊಳ್ಳುವ ಬಟ್ಟಲಾದ ಫ್ಲೋಟ್ ಚೇಂಬರಿನ ಗುಂಡಿಯನ್ನು ಪೆಟ್ರೋಲ್ ಜಿನುಗುವವರೆಗೆ ಒತ್ತಿ.

ಈಗ ಮುಖ್ಯ ಕೆಲಸ. ನಾನು ಎರಡನೇ ಗೇರ್ ಹಾಕುತ್ತೇನೆ; ಮೊದಲನೆಯದರಲ್ಲಿ ಹಿಂಚಕ್ರ ಉಜ್ಜಿಕೊಂಡು ನಿಲ್ಲುತ್ತದೆ. ಕ್ಲಚ್ ಹಿಡಿಯದೆ ಗಾಡಿಯನ್ನು ಹಿಂದಕ್ಕೆ ಎಳೆಯಿರಿ. ಗಡುಸಾಗಿ ತಡೆದು ನಿಂತಲ್ಲಿಗೆ ಪಿಸ್ಟನ್ ಒತ್ತಡಕ್ಕೆ ಎದುರಾಗಿದೆ. ಅಲ್ಲಿಂದ ಮುಂದಕ್ಕೆ ತಿರುಗಿದರೆ ಮತ್ತೆ ಒತ್ತಡ ಎದುರಾಗುವ ಮುನ್ನ ಎಂಜಿನ್‌ಗೆ ಒಂದು ಸುತ್ತಿಗೂ ಮೀರಿದ ಸಲೀಸು ಸಿಗುತ್ತದೆ. ಗುಟ್ಟೆಲ್ಲ ಇದರಲ್ಲೇ ಇದೆ, ತೋಳಿನ ಬಲದ್ದೇನಿಲ್ಲ.

ಕ್ಲಚ್ ಹಿಡಿದು ಓಡಿ. ವೇಗ ಬಂದೊಡನೆ ಸೀಟಿಗೆ ಒಂದು ಪಕ್ಕದಿಂದ ಧೊಪ್ಪನೆ ಕುಳಿತು, ಅದೇ ಕ್ಷಣ ಕ್ಲಚ್ ಬಿಡಿ. ಭಾರ ಬೀಳದಿದ್ದರೆ ಟೈರ್ ಜಾರುತ್ತದೆ. ಥ್ರಾಟಲ್ ತುಸುವೇ ತೆರೆದಿರಲಿ. ಸಿಡಿಯಿತೇ? ಕ್ಲಚ್ ಎಳೆದು ಥ್ರಾಟಲ್ ಆಡಿಸುತ್ತಲೇ ಇರಿ, ಏಕೆಂದರೆ ಇದರ ಅಮಾಲ್ ಜಿಪಿ ಕಾರ್ಬ್ಯುರೇಟರ್‌ಗೆ ನೆಮ್ಮದಿಯ ಐಡ್ಲಿಂಗ್ (ಥ್ರಾಟಲ್ ಬಿಟ್ಟರೂ ನಿಧಾನವಾಗಿ ಓಡುತ್ತಿರುವುದು) ಗೊತ್ತಿಲ್ಲ.

ಹಳೆಯದೆಂದು ಮೂಗು ಮುರಿಯುವವರಿಗೆ ಒಂದು ಮಾತು: 1969ರಲ್ಲಿ ಯುಗೊಸ್ಲಾವಿಯಾದ ಒಪಾಟಿಯಾದಲ್ಲಿ ಗಾಡ್‌ಫ್ರೆ ನ್ಯಾಶ್ 500 ಸಿಸಿ ಗ್ರ್ಯಾನ್ ಪ್ರಿ ಗೆದ್ದದ್ದು ಇಂಥ ನಾರ್ಟನ್‌ನಲ್ಲೇ.

ಎಣ್ಣೆಯ ಟ್ಯಾಂಕ್ ಕೈಗೆ ಬೆಚ್ಚಗೆ ತಾಗುವವರೆಗೆ ಎಂಜಿನ್ ಅನ್ನು ಜೋರು ಮಾಡಬೇಡಿ. ಆಮೇಲೆ ಪ್ಲಗ್ ಬದಲಿಸಿ.